ಬ್ಯಾಂಕ್ ಖಾತೆ ಬದಲಾಗಿದೆ ಅಂದರೆ ಮೊದಲು ಫೋನ್ ಮಾಡಿ

ಮಂಗಳೂರಿನ ಬೈಕಂಪಾಡಿಯ ಒಂದು ಗೇರುಬೀಜ ಕಾರ್ಖಾನೆಯಲ್ಲಿ ಐಟಿ ಕೆಲಸ ನೋಡಿಕೊಳ್ಳುತ್ತೇನೆ. ಕಚ್ಚಾ ಬೀಜ ಆಫ್ರಿಕಾದಿಂದ ಬರುತ್ತದೆ, ತಿರುಳು ಹೊರದೇಶಕ್ಕೆ ಹೋಗುತ್ತದೆ. ಮಾತುಕತೆ ಎಲ್ಲ ಇಮೇಲ್‌ನಲ್ಲೇ. ಹಾಗಾಗಿ ಸೆಕ್ಯುರಿಟಿ ಪ್ಲ್ಯಾನ್ ಬರೆಯಲು ಕೂತಾಗ ಸರ್ವರ್ ರೂಮಿನ ಕಡೆ ಹೋಗಲಿಲ್ಲ. ದುಡ್ಡು ಎಲ್ಲಿಂದ ಹೊರಗೆ ಹೋಗುತ್ತದೆ ಅಂತ ನೋಡಿದೆ. ಅಕೌಂಟ್ಸ್ ಸೆಕ್ಷನ್‌ನಿಂದ, ಅಲ್ವಾ?

ಈ ವ್ಯಾಪಾರದಲ್ಲಿ ದೊಡ್ಡ ಭಯ ಒಂದೇ. ಸಪ್ಲಯರ್ ಹೆಸರಲ್ಲಿ ಮೇಲ್ ಬರುತ್ತದೆ: ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಸಲ ಹಣ ಹೊಸ ಖಾತೆಗೆ ಹಾಕಿ.’ ಇನ್‌ವಾಯ್ಸ್ ಸರಿಯಾಗಿರುತ್ತದೆ, ಬರೆಯುವ ಧಾಟಿಯೂ ಅದೇ. ಕಳ್ಳ ಯಾರದೋ ಮೇಲ್‌ಬಾಕ್ಸ್ ಹೊಕ್ಕು ಹಳೆಯದೆಲ್ಲ ಓದಿರುತ್ತಾನೆ. ಮೇಲ್‌ನಲ್ಲಿ ವೈರಸ್ ಇರುವುದೇ ಇಲ್ಲ, ಆಂಟಿವೈರಸ್ ಏನು ಮಾಡೀತು?

ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿ ಸ್ಲೈಡ್ ತೋರಿಸುವುದು ನನಗೆ ಸರಿ ಬರಲಿಲ್ಲ. ಇಬ್ಬಿಬ್ಬರ ಜೊತೆ, ಅವರದೇ ಕಂಪ್ಯೂಟರಿನ ಮುಂದೆ, ಅವರಿಗೆ ಬರುವಂಥದ್ದೇ ಮೇಲ್ ಇಟ್ಟುಕೊಂಡು ಕೂತೆ. ತುಳು, ಕನ್ನಡ ಎರಡರಲ್ಲೂ ಮಾತಾಡಿದೆವು. ಎರಡು ವಿಳಾಸ ತೋರಿಸಿದೆ. ಒಂದರಲ್ಲಿ ಇಂಗ್ಲಿಷಿನ ‘ಎಂ’ ಅಕ್ಷರ, ಇನ್ನೊಂದರಲ್ಲಿ ಆ ಜಾಗದಲ್ಲಿ ‘ಆರ್’ ಮತ್ತು ‘ಎನ್’ ಒತ್ತೊತ್ತಾಗಿ. ಸಣ್ಣ ಅಕ್ಷರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಹಿರಿಯ ಮೇಡಂ ಒಬ್ಬರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಆಮೇಲೆ, “ಅಲ್ಲ ಸರ್, ಅವರ ನಿಜವಾದ ಮೇಲ್‌ಬಾಕ್ಸೇ ಕಳ್ಳನ ಕೈಯಲ್ಲಿದ್ದರೆ ವಿಳಾಸ ನೋಡಿ ಏನು ಪ್ರಯೋಜನ?” ಅಂದರು.

ಎಷ್ಟು ಸರಿಯಾದ ಪ್ರಶ್ನೆ! ನಮ್ಮ ನಿಯಮ ಹುಟ್ಟಿದ್ದೇ ಅದರಿಂದ. ಖಾತೆ ಬದಲಾವಣೆ ಅಂದ ಕೂಡಲೇ ನಮ್ಮ ಹಳೇ ಫೈಲಿನಲ್ಲಿರುವ ನಂಬರಿಗೆ ಫೋನ್ ಮಾಡಬೇಕು. ಮೇಲ್‌ನಲ್ಲಿ ಕೊಟ್ಟ ನಂಬರಿಗೆ ಬೇಡವೇ ಬೇಡ. ಫೋನ್ ಮಾಡುವವರು ಒಬ್ಬರು, ಪೇಮೆಂಟ್ ಅಪ್ರೂವ್ ಮಾಡುವವರು ಇನ್ನೊಬ್ಬರು. ಧಣಿಗಳ ಹೆಸರಲ್ಲಿ ‘ಅರ್ಜೆಂಟ್’ ಅಂತ ಬಂದರೂ ಇದೇ ಕ್ರಮ. ಇದನ್ನು ಧಣಿಗಳ ಬಾಯಿಂದಲೇ ಹೇಳಿಸಿದೆ: “ನನಗೂ ಫೋನ್ ಮಾಡಿ ಕೇಳಿ, ಯಾರೂ ಬೈಯುವುದಿಲ್ಲ.” ಅವರು ಹಾಗೆ ಹೇಳದಿದ್ದರೆ ಗುಮಾಸ್ತರಿಗೆ ಕೇಳುವ ಧೈರ್ಯ ಬರುವುದಿಲ್ಲ. ನನ್ನ ಪ್ರಕಾರ ಇಡೀ ಪ್ಲ್ಯಾನ್‌ನಲ್ಲಿ ಜಾಸ್ತಿ ಕೆಲಸಕ್ಕೆ ಬಂದದ್ದು ಈ ಒಂದು ಮಾತು.

ಉಳಿದದ್ದು ಎಲ್ಲ ಕಡೆ ಮಾಡುವಂಥದ್ದೇ. ಮೇಲ್‌ಗೆ ಪಾಸ್‌ವರ್ಡ್ ಜೊತೆ ಮೊಬೈಲ್ ಆ್ಯಪ್‌ನ ಕೋಡ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲುವುದಿತ್ತು, ಹಾಗಾಗಿ ಅಕೌಂಟ್ಸ್ ಮತ್ತು ಶಿಪ್ಪಿಂಗ್‌ನವರ ಕಂಪ್ಯೂಟರ್ ಮೊದಲು ಬದಲಾಯಿಸಿದೆವು. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯ ಬ್ಯಾಕಪ್ ಮೂರು ಕಡೆ, ಅದರಲ್ಲಿ ಒಂದು ಕಾರ್ಖಾನೆಯ ಹೊರಗೆ. ಬ್ಯಾಕಪ್ ಡಿಸ್ಕನ್ನು ಕೆಲಸ ಮುಗಿದ ಕೂಡಲೇ ಕಿತ್ತಿಡುತ್ತೇವೆ. ಸಿಕ್ಕಿಸಿಯೇ ಬಿಟ್ಟರೆ, ಫೈಲ್ ಲಾಕ್ ಮಾಡಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಅದನ್ನೂ ಲಾಕ್ ಮಾಡುತ್ತದೆ, ನಮ್ಮ ಮಳೆಗಾಲದ ಸಿಡಿಲಿಗೂ ಅದು ಸುಲಭದ ತುತ್ತು. ತಿಂಗಳಿಗೊಮ್ಮೆ ಆ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು, ಒಂದು ಪಾರ್ಟಿಯ ಲೆಡ್ಜರ್ ತಾಳೆ ನೋಡುತ್ತೇವೆ.

ಅಕೌಂಟ್ಸ್‌ನ ಪ್ರತಿ ಟೇಬಲ್ ಮೇಲೂ ಒಂದು ಚೀಟಿ ಅಂಟಿಸಿದ್ದೇನೆ. ಹಣ ಹೋಗಿದೆ ಅನ್ನಿಸಿದರೆ ಮೊದಲು ನಮ್ಮ ಬ್ಯಾಂಕಿಗೆ ಹೇಳಿ ಪೇಮೆಂಟ್ ತಡೆಸಬೇಕು, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ನನಗೂ ತಿಳಿಸಬೇಕು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ಆದೇಶದ ಪ್ರಕಾರ ಸೈಬರ್ ದಾಳಿ ಗೊತ್ತಾದ 6 ಗಂಟೆಯೊಳಗೆ ಕಂಪನಿ ವರದಿ ಕೊಡಬೇಕು. ಆ ವರದಿ ಬರೆಯುವುದು ನನ್ನ ಪಾಲಿನದು. ಅದಕ್ಕೇ ರಾತ್ರಿ ಎಷ್ಟು ಹೊತ್ತಾದರೂ ನನ್ನನ್ನು ಎಬ್ಬಿಸಿ ಅಂತ ಎಲ್ಲರಿಗೂ ಹೇಳಿಟ್ಟಿದ್ದೇನೆ.