ಎಲೆಯ ತುದಿ ನೋಡದೆ ಗೆಡ್ಡೆಗೆ ಕೈ ಹಾಕಬೇಡಿ

ಮುಂಗಾರು ಹಿಡಿದು ಸಂಡೂರಿನ ಗುಡ್ಡಗಳು ಹಸಿರಾದ ಮೇಲೆ ಶಾಲೆಯ ಮಕ್ಕಳನ್ನು ಗಿಡ ತೋರಿಸಲು ಕರೆದೊಯ್ಯುತ್ತೇನೆ. ಔಷಧಿ ಸಸ್ಯಗಳ ಮಾತು ಆಮೇಲೆ; ಮೊದಲ ಪಾಠ ಅಗ್ನಿಶಿಖೆಯದು, ಕೆಲವರು ಕೋಳಿಕುಟುಮ ಎನ್ನುವ ವಿಷದ ಬಳ್ಳಿಯದು. ಹೂ ಬಿಟ್ಟಾಗ ಅದನ್ನು ಗುರುತಿಸಲು ಯಾರೂ ಕಲಿಸಬೇಕಿಲ್ಲ. ಕೆಂಪು-ಹಳದಿ ಎಸಳುಗಳು ಹಿಂದಕ್ಕೆ ಬಾಗಿ ಮೇಲೆದ್ದು ನಿಂತಿರುತ್ತವೆ. ಹೂವಿಲ್ಲದಾಗಲೇ ತೊಡಕು. ಕಾಡುಗೆಣಸಿನ ಬಳ್ಳಿಯೂ ಹೀಗೆಯೇ ಪೊದೆಗಳ ಮೇಲೆ ಹಬ್ಬುತ್ತದೆ, ಎರಡಕ್ಕೂ ನೆಲದೊಳಗೆ ಗೆಡ್ಡೆ.

ನಾನು ಎಲೆಯ ತುದಿ ನೋಡುತ್ತೇನೆ. ಅಗ್ನಿಶಿಖೆಯ ಎಲೆಗೆ ತೊಟ್ಟಿಲ್ಲ. ಉದ್ದನೆಯ ಎಲೆ ಕಿರಿದಾಗುತ್ತ ಹೋಗಿ, ತುದಿಯೇ ಕುಡಿಯಾಗಿ ಸುರುಳಿ ಸುತ್ತಿ ಪಕ್ಕದ ಕಡ್ಡಿಯನ್ನು ಬಿಗಿಯಾಗಿ ಹಿಡಿದಿರುತ್ತದೆ. ಕಾಡುಗೆಣಸಿನಲ್ಲಿ ಆಸರೆಗೆ ಸುತ್ತಿಕೊಳ್ಳುವುದು ಬಳ್ಳಿಯೇ ಹೊರತು ಎಲೆಯಲ್ಲ. ಎಲೆಗೆ ತೊಟ್ಟು ಇದ್ದೇ ಇರುತ್ತದೆ, ದಪ್ಪ ನರಗಳ ನಡುವೆ ಸಣ್ಣ ನರಗಳ ಬಲೆಯೂ ಕಾಣುತ್ತದೆ. ಹಾಗೆಂದು ಕಾಡುಗೆಣಸೆಲ್ಲ ತಿನ್ನುವಂಥದ್ದಲ್ಲ, ಅದರಲ್ಲೂ ವಿಷದ ಜಾತಿಗಳಿವೆ.

ಬೇಸಿಗೆಯಲ್ಲಿ ಬಳ್ಳಿ ಒಣಗಿ ಹೋಗಿರುತ್ತದೆ. ಅಗ್ನಿಶಿಖೆಯ ಗೆಡ್ಡೆ ನೇಗಿಲಿನಂತೆ ಬಾಗಿರುತ್ತದೆ ಎನ್ನುವುದು ನಿಜ, ಆದರೆ ಮುರಿದ ತುಂಡಿಗೆ ಎಲ್ಲಿಯ ಆಕಾರ? ಎಲೆ ಕಾಣದ ಗೆಡ್ಡೆಯನ್ನು ನಾನು ಅಗೆಯುವುದೇ ಇಲ್ಲ. ‘ಚೆನ್ನಾಗಿ ಬೇಯಿಸಿದರೆ ಆಯಿತು’ ಎನ್ನುವ ಹಿರಿಯರೊಂದಿಗೆ ವಾದಕ್ಕೂ ನಿಂತಿದ್ದೇನೆ. ಅಗ್ನಿಶಿಖೆಯ ಗೆಡ್ಡೆಯಲ್ಲಿರುವ ಕಾಲ್ಚಿಸಿನ್ ಎಂಬ ವಿಷ ಕುದಿಸಿದರೂ ಹೋಗುವುದಿಲ್ಲ. ತಿಂದ ಕೆಲವು ಗಂಟೆ ಏನೂ ಆಗಿಲ್ಲವೆನಿಸಿ, ಆಮೇಲೆ ವಾಂತಿ-ಭೇದಿ ಹಿಡಿಯುತ್ತದೆ. ಬದುಕುಳಿದವರಿಗೂ ವಾರ ಕಳೆದ ಮೇಲೆ ತಲೆಗೂದಲು ಉದುರುವುದುಂಟು.

ಮಕ್ಕಳ ಕಣ್ಣು ಮಾತ್ರ ಗುಲಗಂಜಿಯ ಮೇಲೆ. ಕಾಯಿ ಒಣಗಿ ಬಿರಿದು ಹೊರಳಿಕೊಂಡರೂ ಬೀಜಗಳು ಉದುರದೆ ಒಳಗೇ ಕಚ್ಚಿಕೊಂಡಿರುತ್ತವೆ: ಕೆಂಪು ಮೈ, ಒಂದು ಕಡೆ ಕಪ್ಪು ಮಚ್ಚೆ. ಆನೆಗುಲಗಂಜಿ ಬೇರೆ, ಅದು ಮರ, ಬೀಜ ದೊಡ್ಡದು, ಮಚ್ಚೆಯಿಲ್ಲದೆ ಪೂರ್ತಿ ಕೆಂಪು. ಅದನ್ನೂ ಬಾಯಿಗೆ ಹಾಕಲು ಬಿಡುವುದಿಲ್ಲ. ಬಿಳಿ ಗುಲಗಂಜಿಯೂ ಇರುವುದರಿಂದ ಬಣ್ಣವನ್ನೊಂದೇ ನಂಬುವಂತಿಲ್ಲ. ಗಟ್ಟಿ ಸಿಪ್ಪೆ ಒಡೆಯದೆ ನುಂಗಿದ ಬೀಜ ಎಷ್ಟೋ ಸಲ ಹಾಗೆಯೇ ಹೊರಗೆ ಹೋಗುತ್ತದೆ. ಜಗಿದರೆ ಅಬ್ರಿನ್ ವಿಷ ಹೊರಬರುತ್ತದೆ. ಸರ ಪೋಣಿಸಲು ಸೂಜಿ ಚುಚ್ಚಿದ ಬೀಜವೂ ಅಷ್ಟೇ ಅಪಾಯ. ಆದ್ದರಿಂದ ಸರದ ಆಸೆಗೆ ನಾನು ಖಡಾಖಂಡಿತವಾಗಿ ಬೇಡವೆನ್ನುತ್ತೇನೆ, ಹುಡುಗಿಯರು ಮುಖ ಊದಿಸಿಕೊಂಡರೂ ಸರಿ.

ಯಾರಾದರೂ ತಿಂದೇ ಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬಾರದು. ಲಕ್ಷಣ ಕಾಣಲೆಂದು ಕಾಯದೆ ನೇರ ಆಸ್ಪತ್ರೆಗೆ ಕರೆದೊಯ್ಯಬೇಕು. ತಿಂದದ್ದರಲ್ಲಿ ಉಳಿದ ತುಂಡು, ಎಲೆ, ಕಾಯಿ ಸಿಕ್ಕಿದಷ್ಟನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸಬೇಕು.