ಜ್ವರ ಬಿಟ್ಟ ದಿನವೇ ಕೂದಲಿನ ಚೀಟಿ

ಜಮಖಂಡಿಯ ನನ್ನ ಮಕ್ಕಳ ದವಾಖಾನೆಯಿಂದ ಟೈಫಾಯಿಡ್ ಅಥವಾ ಡೆಂಗೀ ವಾಸಿಯಾಗಿ ಹೋದ ಮಕ್ಕಳಲ್ಲಿ ಕೆಲವರು ಎರಡು-ಮೂರು ತಿಂಗಳಿಗೆ ಕೂದಲು ಉದುರುವ ದೂರು ಹೊತ್ತು ಮರಳಿ ಬರುತ್ತಿದ್ದರು. ಒಬ್ಬ ತಾಯಿ ಸೆರಗಿನ ಗಂಟು ಬಿಚ್ಚಿ, ನಿಂಬೆಹಣ್ಣಿನಷ್ಟು ಕೂದಲಿನ ಉಂಡೆಯನ್ನು ಮೇಜಿನ ಮೇಲಿಟ್ಟು, "ಮೂರು ದಿನದ್ದು ನೋಡ್ರಿ ಸಾಹೇಬ್ರ, ಹುಡುಗಿ ತಲಿ ಬೋಳ ಆಗತೈತಿ" ಎಂದು ಅತ್ತಿದ್ದರು. ಇದು ಟೆಲೋಜೆನ್ ಎಫ್ಲುವಿಯಂ, ಅಂದರೆ ದೊಡ್ಡ ಜ್ವರದ ಪೆಟ್ಟಿಗೆ ಬಹಳಷ್ಟು ಕೂದಲು ಒಟ್ಟಿಗೆ ಬೆಳವಣಿಗೆ ನಿಲ್ಲಿಸಿ ಕೆಲ ತಿಂಗಳ ನಂತರ ಉದುರುವುದು, ತಾನಾಗಿ ನಿಲ್ಲುತ್ತದೆ ಎಂದು ಹೇಳಿ ಕಳುಹಿಸಿದೆ. ಆದರೆ ನೂರು ರೂಪಾಯಿ ಫೀ ಕೊಟ್ಟು "ಏನೂ ಮಾಡಬೇಡಿ" ಎಂಬ ಮಾತನ್ನು ಕೇಳಿಕೊಂಡು ಹೋಗುವವರು ಯಾರಿದ್ದಾರೆ? ಅವರು ಮರುವಾರವೇ ಮಹಾರಾಷ್ಟ್ರದ ಮಿರಜಿಗೆ ಹೋಗಿ ಎಣ್ಣೆ, ಸೀರಂ, ಬಯೋಟಿನ್, ಬಸ್ಸಿನ ಖರ್ಚು ಸೇರಿ ಆರು ಸಾವಿರದ ಹತ್ತಿರ ಕಳೆದರು. ಇನ್ನೆರಡು ತಿಂಗಳಿಗೆ ಉದುರುವುದು ನಿಂತಾಗ ಹೆಸರು ಬಂದದ್ದು ಎಣ್ಣೆಗೆ.

ಆಮೇಲೆ ಒಂದೂವರೆ ವರ್ಷ ನಾನೂ ಸೋತು, ರೋಗಿಗಳು ಕೈತಪ್ಪಬಾರದೆಂದು ಜಿಂಕ್ ಸಿರಪ್ ಬರೆದುಕೊಟ್ಟೆ. ಬರೆಯದ ಮಕ್ಕಳಿಗೂ ಅಷ್ಟೇ ದಿನಗಳಲ್ಲಿ ಕೂದಲು ಮರಳುತ್ತಿದ್ದುದನ್ನು ಕಂಡು ನಾಚಿಕೆಯಾಗಿ ಬಿಟ್ಟೆ.

ಈಗ ಮಾಡುವುದಿಷ್ಟು. ದೊಡ್ಡ ಜ್ವರದ ಮಗುವನ್ನು ಮನೆಗೆ ಕಳುಹಿಸುವ ದಿನವೇ, ಯಾವ ತಿಂಗಳಲ್ಲಿ ಕೂದಲು ಉದುರಿದರೂ ಉದುರಬಹುದು, ಸುಮಾರು ಯಾವ ತಿಂಗಳಿಗೆ ನಿಲ್ಲಬೇಕು ಎಂದು ಕನ್ನಡದಲ್ಲಿ ಚೀಟಿ ಬರೆದು ಫೈಲಿಗೆ ಪಿನ್ ಮಾಡುತ್ತೇನೆ. ಉದುರಲು ಶುರುವಾದರೆ, ವಾರಕ್ಕೊಮ್ಮೆ ತಲೆಸ್ನಾನಕ್ಕೆ ಮೊದಲು ಬಿಳಿ ದಿಂಬಿನ ಚೀಲದ ಮೇಲೆ ತಲೆ ಬಗ್ಗಿಸಿ ಒಂದು ನಿಮಿಷ ಬಾಚಿ, ಬಿದ್ದ ಕೂದಲನ್ನು ಎಣಿಸಿ ಲಕೋಟೆಯಲ್ಲಿ ಹಾಕಿಡಬೇಕು. ಪ್ರತಿ ಸಲ ಅದೇ ಬಾಚಣಿಗೆ, ವಾರದ ಅದೇ ದಿನ. ಲಕೋಟೆ ತಂದಾಗ ಎರಡು ಎಳೆಗಳನ್ನು ಹಳೆಯ ಎಕ್ಸ್‌ರೇ ಫಿಲ್ಮಿನ ಕಪ್ಪು ಭಾಗದ ಮೇಲಿಟ್ಟು ತೋರಿಸುತ್ತೇನೆ. ಬುಡದ ಬಿಳಿ ಗುಂಡು ಸಾಸಿವೆಗಿಂತಲೂ ಸಣ್ಣದಾಗಿ, ಆದರೆ ಸ್ಪಷ್ಟವಾಗಿ ಕಾಣುತ್ತದೆ. ಅದನ್ನು "ಬೇರು ಕಿತ್ತು ಬಂತು" ಎಂದು ಹೆದರಿದವರಿಗೆ, ಬೇರು ತಲೆಯಲ್ಲೇ ಇದೆ, ಇದು ಮಾಗಿ ಉದುರಿದ ಕೂದಲು ಎಂದು ತಿಳಿಸಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ.

"ಇಲ್ಲದ ಚಿಂತೆಯನ್ನು ನೀವೇ ಹಚ್ಚುತ್ತೀರಿ" ಎಂದು ಊರಿನ ಹಿರಿಯ ವೈದ್ಯರೊಬ್ಬರು ನಕ್ಕಿದ್ದರು. ಮೂರು ವರ್ಷಗಳಲ್ಲಿ ಅರವತ್ತರ ಆಸುಪಾಸು ಚೀಟಿ ಕೊಟ್ಟಿರಬೇಕು. ಉದುರಿದ್ದು ಇಪ್ಪತ್ತು ಮಕ್ಕಳಿಗೆ, ಮಿರಜಿನ ಬಸ್ಸು ಹತ್ತಿದವರು ಇಬ್ಬರು. ಎಣಿಕೆ ಎಪ್ಪತ್ತು-ಎಂಬತ್ತರಿಂದ ಶುರುವಾಗಿ ಆರೇಳು ವಾರಗಳಲ್ಲಿ ಮೂವತ್ತಕ್ಕಿಳಿದು, ಮುಂದೆ ಹತ್ತು-ಹನ್ನೆರಡಕ್ಕೆ ನಿಲ್ಲುತ್ತದೆ. ಇಳಿಯುವ ಅಂಕಿಯನ್ನು ತಾವೇ ಬರೆದವರಿಗೆ ನನ್ನ ಸಮಾಧಾನದ ಮಾತು ಬೇಕಾಗುವುದಿಲ್ಲ.

ಎಣಿಸುವ ಬದಲು ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಯೂ ನೋಡಿದೆ. ಕೊಬ್ಬರಿ ಎಣ್ಣೆಯ ಭಾರವೇ ಹೆಚ್ಚಾಗಿ ಲೆಕ್ಕ ಕೆಟ್ಟಿತು. ಈರುಳ್ಳಿ ರಸ ಹಚ್ಚಿಯೇ ತೀರುತ್ತೇನೆಂದ ಅಜ್ಜಿಗೆ ತಲೆಯ ಎಡಭಾಗಕ್ಕೆ ಮಾತ್ರ ಹಚ್ಚಲು ಹೇಳಿದೆ. ಮೂರು ತಿಂಗಳಿಗೆ ಎರಡೂ ಬದಿಯ ಹೊಸ ಕೂದಲು ಒಂದೇ ಉದ್ದ, ಮೂರು ಸೆಂಟಿಮೀಟರಿನಷ್ಟು. ವಾಸನೆ ಮಾತ್ರ ಎಡಕ್ಕೆ.

ಮರೆಯಲಾಗದ ತಪ್ಪು ಒಂದಿದೆ. ಎಂಟು ವರ್ಷದ ಹುಡುಗನೊಬ್ಬ ಜ್ವರದ ನಂತರ ಬಂದಾಗ, ಗಡಿಬಿಡಿಯಲ್ಲಿ ತಲೆಯನ್ನು ಸರಿಯಾಗಿ ನೋಡದೆ ಚೀಟಿಯನ್ನೇ ನಂಬಿ ಕಳುಹಿಸಿದೆ. ತಿಂಗಳ ನಂತರ ನೋಡಿದರೆ ನೆತ್ತಿಯ ಹಿಂದೆ ಹೊಟ್ಟೆದ್ದ ದುಂಡನೆಯ ಜಾಗ, ತುಂಡಾದ ಕೂದಲು: ಹುಳುಕಡ್ಡಿ. ಅದರ ಔಷಧಿ ಗ್ರಿಸಿಯೋಫಲ್ವಿನ್ ಎರಡು ತಿಂಗಳು ನಡೆಯಿತು. ವ್ಯರ್ಥವಾಗಿ ಹೋದ ಆ ಒಂದು ತಿಂಗಳು ನನ್ನ ಲೆಕ್ಕಕ್ಕೆ ಸೇರಿದ್ದು. ಅಂದಿನಿಂದ ಕಿಟಕಿಯ ಬೆಳಕಿನಲ್ಲಿ ನೆತ್ತಿ ನೋಡದೆ ಯಾರಿಗೂ ಧೈರ್ಯ ಹೇಳುವುದಿಲ್ಲ. ಆರು ತಿಂಗಳು ದಾಟಿಯೂ ಉದುರಿದರೆ ಹಿಮೋಗ್ಲೋಬಿನ್ ಮತ್ತು ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸುತ್ತೇನೆ. ಜ್ವರವಿದ್ದಾಗ ಫೆರಿಟಿನ್ ಅಂಕಿ ಸುಮ್ಮನೆ ಏರಿರುತ್ತದೆ; ಆ ಬಿಸಿಯಲ್ಲೇ ಮಾಡಿಸಿ ಅಂಕಿ ಚೆನ್ನಾಗಿದೆ ಎಂದು ಮೋಸಹೋದದ್ದೂ ಉಂಟು.

ನಕ್ಕಿದ್ದ ಹಿರಿಯರು ಹೋದ ತಿಂಗಳು ಚೀಟಿಯ ನಮೂನೆ ಕೇಳಿ ಕಂಪೌಂಡರನನ್ನು ಕಳುಹಿಸಿದ್ದರು. ಕೊಟ್ಟೆ. ತಲೆ ಬೋಳಿಸಲು ಹಟ ಹಿಡಿದ ಅಜ್ಜಿಯರಿಗಾಗಿ ಬರೆಯುವ ಕೊನೆಯ ಸಾಲನ್ನು ಮಾತ್ರ ಬಿಟ್ಟು ಕೊಟ್ಟೆ; ಅದಕ್ಕೆ ಅವರೇ ಬರಬೇಕು.