21 ಅಂದ್ರೆ 21: ರೇಡಿಯೇಟರ್ ವಾಲ್ವ್ ಜೊತೆ ನನ್ನ ಮೂರು ಚಳಿಗಾಲ

ನಮ್ಮ ಹಾಲ್‌ನಲ್ಲಿ ಈಗ ಹೀಟಿಂಗ್ 21 ಡಿಗ್ರಿ ಅಂತ ಇಟ್ಟರೆ 21 ಇರುತ್ತದೆ. ಹೆಚ್ಚೆಂದರೆ 0.3 ಆಚೀಚೆ. ಜರ್ಮನಿಯ ಸ್ಟುಟ್‌ಗಾರ್ಟ್‌ನ ಈ ಹಳೇ ಬಾಡಿಗೆ ಮನೆಯಲ್ಲಿ ಇದು ಆಗದ ಮಾತು ಅಂತ ಕಟ್ಟಡ ನೋಡಿಕೊಳ್ಳುವವರು ನಕ್ಕಿದ್ದರು. ನಮ್ಮ ಮನೆಯವಳಂತೂ "ಸುಮ್ನೆ 3ಕ್ಕೆ ತಿರುಗಿಸಿ ಮಲಗಿ ರೀ" ಅಂದಿದ್ದಳು. ಕೋಣೆ ಕಾಯಿಸುವ ಬಿಸಿನೀರಿನ ರೇಡಿಯೇಟರ್‌ನ ಹಳೇ ಗುಂಡಿಯಲ್ಲಿ 3 ಅಂದರೆ ಸುಮಾರು 20 ಡಿಗ್ರಿ, ಅವಳ ಮಾತಲ್ಲೂ ತಪ್ಪಿರಲಿಲ್ಲ.

2022ರಲ್ಲಿ ಗ್ಯಾಸ್ ದರ ಏರಿದಾಗ ಹಿಡಿದ ಹುಚ್ಚು ಇದು. ಮೊದಲು ಆ ಗುಂಡಿಯ ಜಾಗಕ್ಕೆ, ಬಿಸಿನೀರಿನ ಹರಿವನ್ನು ತಾನೇ ಹೆಚ್ಚು ಕಡಿಮೆ ಮಾಡುವ ನಾಲ್ಕು ಮೋಟಾರ್ ವಾಲ್ವ್ ತಂದೆ, ಒಂದಕ್ಕೆ 60 ಯೂರೋ ಹತ್ತಿರ. ವಾಲ್ವ್ 21 ತೋರಿಸುತ್ತಿತ್ತು, ಸೋಫಾದಲ್ಲಿ ಕೂತವರು ಶಾಲು ಹೊದೆಯುತ್ತಿದ್ದರು. ಬಿಸಿ ಪೈಪಿನ ಮೇಲೆ ಕೂತ ವಾಲ್ವ್ ತನ್ನ ಮೈ ಬಿಸಿ ಅಳೆಯುತ್ತದೆ ಅಷ್ಟೇ. ಅದು ತೋರಿಸುವ ಅಂಕಿಯಿಂದ 4 ಕಳೆದು ನೋಡಿದೆ. ರೇಡಿಯೇಟರ್ ಕಾದಾಗ ವ್ಯತ್ಯಾಸ 5-6, ಆರಿದಾಗ 1. ಒಂದೇ ಅಂಕಿ ಕಳೆದರೆ ಹೇಗೆ ಸರಿಹೋಗುತ್ತೆ?

ಆಮೇಲೆ ಕೋಣೆಯ ಬಿಸಿ ಅಳೆಯಲು ಬೇರೆ ಸೆನ್ಸರ್‌ಗಳು ಬಂದವು, ತಲಾ ಎಂಟೋ ಹತ್ತೋ ಯೂರೋ. ಹೊರಗೋಡೆಗೆ ಅಂಟಿಸಿದಾಗ ಎರಡು ಡಿಗ್ರಿ ಕಡಿಮೆ ತೋರಿಸಿತು. ಟಿವಿ ಪಕ್ಕ ಇಟ್ಟಾಗ, ಟಿವಿ ಹಚ್ಚಿದ್ದೇ ತಡ ಹೀಟಿಂಗ್ ನಿಂತಿತು. ಕೊನೆಗೆ ಒಳಗೋಡೆಯ ಪುಸ್ತಕದ ಕಪಾಟಿನ ಬದಿಯಲ್ಲಿ, ಕೂತವರ ತಲೆಯ ಎತ್ತರಕ್ಕೆ ಜಾಗ ಸಿಕ್ಕಿತು.

ಆದರೂ ಕೋಣೆ 20ರಿಂದ 23ಕ್ಕೆ ಹಾರುತ್ತಿತ್ತು. ವಾಲ್ವ್ ಮುಚ್ಚಿದ ಮೇಲೂ ಒಳಗಿನ ನೀರು ಅರ್ಧ ಗಂಟೆ ಬಿಸಿ ಬಿಡುತ್ತಲೇ ಇರುತ್ತದೆ. ಹಾಗಾಗಿ ಡಿಗ್ರಿ ಕಳಿಸುವುದನ್ನೇ ಬಿಟ್ಟು, ಎಷ್ಟು ಶೇಕಡ ತೆರೆಯಬೇಕು ಅಂತ ಹೋಮ್ ಅಸಿಸ್ಟೆಂಟ್ (ಮನೆಯ ಸಾಧನಗಳನ್ನು ನಡೆಸುವ ಸಾಫ್ಟ್‌ವೇರ್) ಮೂಲಕ ನೇರ ಹೇಳತೊಡಗಿದೆ. ಎಲ್ಲ ವಾಲ್ವ್‌ಗಳೂ ಇದಕ್ಕೆ ಒಪ್ಪುವುದಿಲ್ಲ, ನನ್ನ ಮೊದಲ ನಾಲ್ಕೂ ಒಪ್ಪಲಿಲ್ಲ. ಮಾರಿದೆ, ಅರ್ಧ ದುಡ್ಡು ಬಂತು.

ಹಾಲ್‌ನ ವಾಲ್ವ್ 18 ಶೇಕಡದವರೆಗೆ ಒಂದು ಹನಿ ನೀರು ಬಿಡುವುದಿಲ್ಲ. 35ಕ್ಕೆ ರೇಡಿಯೇಟರ್ ಪೂರ್ತಿ ಕಾದಿರುತ್ತದೆ. ಆಟ ಇರುವುದೆಲ್ಲ ಅದರ ನಡುವೆ. ಮಲಗುವ ಕೋಣೆಯದ್ದು 12ಕ್ಕೇ ಶುರು. ಒಂದು ಭಾನುವಾರ ಪೂರ್ತಿ ಎರಡೆರಡು ಶೇಕಡ ಏರಿಸುತ್ತಾ, ಪೈಪ್ ಮುಟ್ಟಿ ನೋಡುತ್ತಾ ನೆಲದ ಮೇಲೆ ಕೂತಿದ್ದೆ. ಮಗಳು ಪಕ್ಕದಲ್ಲಿ ಕೂತು "ಬಿಸಿ", "ತಣ್ಣಗೆ" ಅಂತ ಬರೆದುಕೊಂಡಳು. ಅಲ್ಲಿಂದ ಮೇಲೆ ನಿಧಾನವಾಗಿ ತಿದ್ದುತ್ತಾ ಹೋಗಬೇಕು. ಎಷ್ಟು ನಿಧಾನ ಅನ್ನುವುದು ಸದ್ಯಕ್ಕೆ ನನ್ನ ಹತ್ರಾನೇ ಇರಲಿ, ಮೂರು ತಿಂಗಳ ನಿದ್ದೆ ಕೆಟ್ಟು ಸಿಕ್ಕಿದ್ದು.

ಮೊದಮೊದಲು ನಿಮಿಷಕ್ಕೊಮ್ಮೆ ಹೊಸ ಅಂಕಿ ಕಳಿಸುತ್ತಿದ್ದೆ. ಮೂರು ವಾರಕ್ಕೆ ಬ್ಯಾಟರಿ ಖಾಲಿ, ರಾತ್ರಿಯೆಲ್ಲ ಮೋಟಾರಿನ ಗರ್ರ್ ಸದ್ದು ಬೇರೆ. ಈಗ ಐದು ನಿಮಿಷಕ್ಕೊಮ್ಮೆ, ಅದೂ ಅಂಕಿ 3ಕ್ಕಿಂತ ಹೆಚ್ಚು ಬದಲಾದರೆ ಮಾತ್ರ. ಇನ್ನೊಂದು ಸಲ ನಾವು ಊರಲ್ಲಿಲ್ಲದಾಗ ಸೆನ್ಸರ್ ಸತ್ತು, 19 ಅನ್ನುವ ಹಳೇ ಅಂಕಿಯಲ್ಲೇ ನಿಂತುಬಿಟ್ಟಿತ್ತು. ಎರಡು ದಿನ ಬಿಟ್ಟು ಬಂದು ಬಾಗಿಲು ತೆಗೆದರೆ ಒಳಗೆ 27. ಈಗ ಸೆನ್ಸರ್ 40 ನಿಮಿಷ ಮಾತಾಡದಿದ್ದರೆ ವಾಲ್ವ್ ತನ್ನ ಕನಿಷ್ಠಕ್ಕೆ ಹೋಗಿ ಕೂರುತ್ತದೆ.

ಮಗಳ ಕೋಣೆ ಅಕ್ಟೋಬರ್‌ನಲ್ಲಿ ಕಾಯಲೇ ಇಲ್ಲ. ಎರಡು ದಿನ ಕೋಡ್ ಜಾಲಾಡಿದೆ. ನೋಡಿದರೆ ಬೇಸಿಗೆಯಿಡೀ ಮುಚ್ಚಿದ್ದರಿಂದ, ವಾಲ್ವ್ ಒತ್ತಿದಾಗ ನೀರು ನಿಲ್ಲಿಸುವ ಚಿಕ್ಕ ಪಿನ್ ಅಂಟಿಕೊಂಡಿತ್ತು! ಚಮಚದ ಹಿಂಭಾಗದಿಂದ ಹತ್ತು ಸಲ ಒತ್ತಿದೆ, ಬಿಟ್ಟಿತು.

ಖರ್ಚು ಎಲ್ಲ ಸೇರಿ 400 ಯೂರೋ ದಾಟಿದೆ. ಬಿಲ್ಲಿನಲ್ಲಿ ಉಳಿದದ್ದು ವರ್ಷಕ್ಕೆ 150ರ ಆಸುಪಾಸು. 2023-24ರ ಚಳಿಗಾಲದಲ್ಲಿ ಇಲ್ಲಿ ಚಳಿಯೇ ಕಮ್ಮಿ ಇತ್ತು, ಅದರ ಪಾಲೂ ಇದೆ.

ಬಚ್ಚಲುಮನೆಯ ವಾಲ್ವ್ ಮೇಲೆ ಇನ್ನೊಂದು ಪ್ರಯೋಗ ಮಾಡಿದೆ. ಶುಕ್ರವಾರ ರಾತ್ರಿ ಅಲ್ಲಿ 27 ಇಟ್ಟು ದೋಸೆ ಹಿಟ್ಟಿನ ಪಾತ್ರೆ ಇಟ್ಟೆ. ಎಂಟು ಗಂಟೆಯಲ್ಲಿ ಉಕ್ಕಿ ಟೈಲ್ಸ್ ಮೇಲೆಲ್ಲ ಹರಿದಿತ್ತು. ಮುಂದಿನ ವಾರ 26 ಇಟ್ಟೆ, ದೊಡ್ಡ ಪಾತ್ರೆ ತಗೊಂಡೆ. ಈಗ ಶುಕ್ರವಾರ ಸಂಜೆಯಾದರೆ ಮನೆಯವಳೇ ಫೋನ್ ತೆಗೆದು 'ಹಿಟ್ಟು' ಅನ್ನುವ ಬಟನ್ ಒತ್ತುತ್ತಾಳೆ.